ಕಲ್ಪನೆಯ ತಂಡಕ್ಕೂ ಜಾತಿಯೇ?

ಹನ್ನೊಂದು ಹೆಸರುಗಳನ್ನು ಒಂದರ ಕೆಳಗೊಂದು ಬರೆದು, ನೆತ್ತಿಯ ಮೇಲೊಂದು ಶೀರ್ಷಿಕೆ ಇಟ್ಟು, ಇದೇ ಸಾರ್ವಕಾಲಿಕ ಶ್ರೇಷ್ಠ ತಂಡವೆಂದು ಘೋಷಿಸುವ ಆಟವನ್ನು ನನ್ನ ಶಿಷ್ಯರಲ್ಲಿ ಅನೇಕರು ಇಂದಿಗೂ ಬಿಟ್ಟಿಲ್ಲ. ವರ್ಗಾವಣೆಯ ಕೃಪೆಯಿಂದ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಎಂಬ ನಾಲ್ಕು ತಾಲ್ಲೂಕುಗಳ ನೀರು ಕುಡಿದ ನಾನು, ಎಲ್ಲಿ ಹೋದರೂ ನೋಟ್ ಪುಸ್ತಕದ ಕೊನೆಯ ಹಾಳೆಯಲ್ಲಿ ಇಂಥ ಪಟ್ಟಿಗಳನ್ನು ಕಂಡಿದ್ದೇನೆ. ಅಂದು ಬೆಂಚಿನಡಿ ಬಚ್ಚಿಟ್ಟವರು ಇಂದು ತಲೆ ನರೆತ ಮೇಲೆ ರಾಜಾರೋಷವಾಗಿ ನನಗೇ ಕಳಿಸಿ, "ಸಾರ್, ನಿಮ್ಮ ತೀರ್ಪು ಬೇಕು" ಎನ್ನುತ್ತಾರೆ. ಇದೆಲ್ಲ ಕೆಲಸವಿಲ್ಲದವರ ಕೆಲಸವೆಂದು ಮೂಗು ಮುರಿಯುವ ನನ್ನ ನಿವೃತ್ತ ಮಿತ್ರರೂ ಇದ್ದಾರೆ. ಅವರು ಬೆಳಗಿನಿಂದ ಸಂಜೆಯವರೆಗೆ ಪದಬಂಧ ತುಂಬುವವರಾದ್ದರಿಂದ ಅವರೊಡನೆ ವಾದಕ್ಕಿಳಿಯುವುದಿಲ್ಲ.

ಈ ಆಟದ ಪರವಾಗಿಯೇ ನಾನು ಇದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಸ್ವಲ್ಪ ಕಟುವಾಗಿ ಬರೆಯಬೇಕಾಗಿದೆ.

ತಂಡ ಕಟ್ಟುವುದರಲ್ಲಿ ವಿಷಯದ ಆಯ್ಕೆಯೇ ಮುಖ್ಯ. "ಭಾರತದ ಶ್ರೇಷ್ಠ ಹನ್ನೊಂದರ ಬಳಗ" ಎಂದರೆ ಅದರಲ್ಲಿ ರುಚಿಯಿಲ್ಲ. ಹತ್ತು ಜನ ಬರೆದರೆ ಎಂಟು ಹೆಸರು ಒಂದೇ ಬರುತ್ತವೆ. ವಿಷಯ ವಿಚಿತ್ರವಾಗಿದ್ದಷ್ಟೂ ಬುದ್ಧಿಗೆ ಕೆಲಸ ಹೆಚ್ಚು. ಒಬ್ಬ ಶಿಷ್ಯ ಎಡಗೈ ಆಟಗಾರರ ತಂಡವನ್ನು ಕಟ್ಟಿ, ಆರಂಭಿಕ ಆಟಗಾರನಾಗಿ ಸುನಿಲ್ ಗವಾಸ್ಕರರನ್ನು ಹಾಕಿದ್ದ. ಉಳಿದವರು ನಕ್ಕರು. ಅವನು ಜಗ್ಗಲಿಲ್ಲ. 1981-82ರ ರಣಜಿ ಸೆಮಿಫೈನಲ್ ಪಂದ್ಯದಲ್ಲಿ, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ನಮ್ಮ ರಘುರಾಮ ಭಟ್ಟರ ಎಡಗೈ ಸ್ಪಿನ್ ಎದುರಿಸಲಾರದೆ ಗವಾಸ್ಕರರು ಅವರಿಗೆ ಮಾತ್ರ ಎಡಗೈಯಲ್ಲಿ ಬ್ಯಾಟ್ ಮಾಡಿ, ಉಳಿದ ಬೌಲರುಗಳಿಗೆ ಬಲಗೈಯಲ್ಲಿ ಆಡಿದ್ದರು. ಹಾಗಾದರೆ ಅವರು ಎಡಗೈಯವರೋ ಅಲ್ಲವೋ? ಎರಡು ದಿನ ವಾದ ನಡೆಯಿತು. ತರ್ಕಶಾಸ್ತ್ರದ ಪಾಠದಲ್ಲಿ ವ್ಯಾಖ್ಯೆ, ಅಪವಾದ ಎಂಬುವುಗಳನ್ನು ಇದಕ್ಕಿಂತ ಚೆನ್ನಾಗಿ ಕಲಿಸಲು ಸಾಧ್ಯವೇ?

ಇನ್ನೊಂದು, ಇಂಜಿನಿಯರುಗಳ ತಂಡ. ಇದು ನಮ್ಮ ಮೈಸೂರಿಗೆ ಬಲು ಹತ್ತಿರದ ವಿಷಯ. ಎರಪಳ್ಳಿ ಪ್ರಸನ್ನ 1962ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸ ಮುಗಿಸಿ ಬಂದವರು, ಮೈಸೂರಿನ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಜಿನಿಯರಿಂಗ್‌ನಲ್ಲಿ ಓದು ಮುಗಿಸಲೆಂದು ಕುಳಿತರು. ಮತ್ತೆ ಟೆಸ್ಟ್ ಆಡಿದ್ದು 1967ರಲ್ಲಿ. ಒಬ್ಬ ಸ್ಪಿನ್ನರನ ಹರೆಯದ ಐದು ವರ್ಷಗಳು! ಜಾವಗಲ್ ಶ್ರೀನಾಥ್ ಮೈಸೂರಿನ ಜಯಚಾಮರಾಜೇಂದ್ರ ಕಾಲೇಜಿನಲ್ಲಿ, ಅನಿಲ್ ಕುಂಬ್ಳೆ ಬೆಂಗಳೂರಿನ ಆರ್.ವಿ. ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರು. ನೆರೆಯ ಮದರಾಸಿನಿಂದ ವೆಂಕಟರಾಘವನ್, ಶ್ರೀಕಾಂತ್, ಈಚಿನ ಅಶ್ವಿನ್ ಸೇರುತ್ತಾರೆ. ಪಟ್ಟಿ ಬರೆದು ನೋಡಿದರೆ ಶ್ರೀಕಾಂತರನ್ನು ಬಿಟ್ಟು ಎಲ್ಲರೂ ಬೌಲರುಗಳೇ! ಏಕೆ ಹೀಗೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಕೊಡುತ್ತಾರೆ. ಆದರೆ ಮಗ ಎಷ್ಟೇ ಆಡಲಿ, ಕೈಯಲ್ಲೊಂದು ಪದವಿ ಇರಲೇಬೇಕೆಂದು ಹೆದರಿದ ನಮ್ಮ ಮಧ್ಯಮ ವರ್ಗದ ತಂದೆತಾಯಿಯರ ಒಂದು ಇಡೀ ಕಾಲ ಆ ಪಟ್ಟಿಯೊಳಗೆ ಕುಳಿತಿದೆ.

ದೇಹದಲ್ಲಿ ಏನೋ ಒಂದು ಕೊರತೆಯಿದ್ದೂ ಆಡಿದವರ ತಂಡವೂ ಅಂಥದ್ದೇ. ಅದರ ಮೊದಲ ಹೆಸರು ಮೈಸೂರಿನಲ್ಲೇ ಹುಟ್ಟಿದ ಬಿ.ಎಸ್. ಚಂದ್ರಶೇಖರ್. ಬಾಲ್ಯದ ಪೋಲಿಯೋದಿಂದ ಸೊರಗಿದ ಬಲಗೈಯೇ ಅವರ ಅಸ್ತ್ರವಾಯಿತು. 1971ರ ಓವಲ್ ಟೆಸ್ಟಿನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಗೆಲುವು ತಂದುಕೊಟ್ಟದ್ದು ಆ ಕೈ. 58 ಟೆಸ್ಟುಗಳಲ್ಲಿ 242 ವಿಕೆಟ್, 167 ರನ್. ವಿಕೆಟ್ಟಿಗಿಂತ ರನ್ ಕಡಿಮೆ ಇರುವುದರಿಂದ ಅವರಿಗೆ ಬ್ಯಾಟ್ ಹಿಡಿಯಲು ಬಾರದವರ ತಂಡದಲ್ಲೂ ಖಾಯಂ ಸ್ಥಾನವಿದೆ, ನ್ಯೂಜಿಲೆಂಡಿನ ಕ್ರಿಸ್ ಮಾರ್ಟಿನ್ ಜೊತೆಯಲ್ಲಿ. ಅಪಘಾತದಲ್ಲಿ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡು ಭಾರತವನ್ನು ನಡೆಸಿದ ಪಟೌಡಿ, ಯುದ್ಧಕಾಲದ ಅಪಘಾತದಿಂದ ಎಡಗೈ ಗಿಡ್ಡವಾದ ಮೇಲೂ ಆಡಿದ ಲೆನ್ ಹಟನ್, ಬಲಗೈಯ ಎರಡು ಬೆರಳುಗಳಿಲ್ಲದೆ ಹುಟ್ಟಿದ ಪಾಕಿಸ್ತಾನದ ಅಜೀಂ ಹಫೀಜ್, ಒಂದು ಕಿವಿ ಕೇಳದ ವಾಷಿಂಗ್ಟನ್ ಸುಂದರ್... ಇವರನ್ನು ಒಟ್ಟಿಗೆ ನಿಲ್ಲಿಸಿ ನೋಡಿದರೆ ದೇಶ, ಭಾಷೆ, ಧರ್ಮ ಯಾವುದೂ ನೆನಪಾಗುವುದಿಲ್ಲ.

ಆದರೆ ನನಗೆ ಅತ್ಯಂತ ಪ್ರಿಯವಾದುದು ಬಿಟ್ಟುಕೊಟ್ಟವರ ತಂಡ. ಕೃಷ್ಣರಾಜನಗರದ ಕಡೆಯ ಒಬ್ಬ ಶಿಷ್ಯೆ ಕಟ್ಟಿದ್ದು. (ಹೆಣ್ಣುಮಕ್ಕಳು ಈ ಆಟ ಆಡುವುದಿಲ್ಲವೆಂದು ಯಾರು ಹೇಳಿದರೋ ಕಾಣೆ.) 1980ರ ಸುವರ್ಣ ಮಹೋತ್ಸವ ಟೆಸ್ಟಿನಲ್ಲಿ, ಔಟ್ ಎಂದು ಅಂಪೈರ್ ತೀರ್ಪು ಕೊಟ್ಟ ಮೇಲೂ ಬಾಬ್ ಟೇಲರನ್ನು ಮರಳಿ ಕರೆದ ನಾಯಕ ನಮ್ಮ ಭದ್ರಾವತಿಯ ವಿಶ್ವನಾಥ್, ಆ ಪಂದ್ಯ ಭಾರತದ ಕೈತಪ್ಪಿತು. 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಕುಂಬ್ಳೆಯವರ ಹತ್ತನೆಯ ವಿಕೆಟ್ಟಿಗಾಗಿ, ಇನ್ನೊಂದು ತುದಿಯಿಂದ ಬೇಕೆಂದೇ ವಿಕೆಟ್ಟಿನಿಂದ ದೂರ ಚೆಂಡೆಸೆದವರು ಶ್ರೀನಾಥ್. 1987ರ ವಿಶ್ವಕಪ್ಪಿನಲ್ಲಿ, ಲಾಹೋರಿನಲ್ಲಿ, ಚೆಂಡೆಸೆಯುವ ಮೊದಲೇ ಕ್ರೀಸ್ ಬಿಟ್ಟ ಸಲೀಂ ಜಾಫರನನ್ನು ಔಟ್ ಮಾಡದೆ ಎಚ್ಚರಿಸಿ ಪಂದ್ಯ ಸೋತವರು ಕೋರ್ಟ್ನಿ ವಾಲ್ಷ್. 1998ರಲ್ಲಿ ಪೇಶಾವರದಲ್ಲಿ 334 ರನ್ ಗಳಿಸಿ, ಬ್ರಾಡ್ಮನ್ನರ ಅಂಕೆಯನ್ನು ದಾಟದೆ ಇನಿಂಗ್ಸ್ ಡಿಕ್ಲೇರ್ ಮಾಡಿದವರು ಮಾರ್ಕ್ ಟೇಲರ್. ಅಂಪೈರ್ ಬೆರಳೆತ್ತದಿದ್ದರೂ 2003ರ ವಿಶ್ವಕಪ್ ಸೆಮಿಫೈನಲ್ಲಿನಲ್ಲಿ ತಾನಾಗಿ ಹೊರನಡೆದವರು ಗಿಲ್‌ಕ್ರಿಸ್ಟ್. ಮುಲ್ತಾನಿನಲ್ಲಿ ಸಚಿನ್ 194ರಲ್ಲಿದ್ದಾಗ ಡಿಕ್ಲೇರ್ ಮಾಡಿದ ದ್ರಾವಿಡರನ್ನೂ ಸೇರಿಸಬೇಕೆಂದು ಯಾರೋ ಒತ್ತಾಯಿಸಿದರು. ಆ ಶಿಷ್ಯೆಯ ಉತ್ತರ ನನಗೆ ಬಹಳ ಹಿಡಿಸಿತು: "ಸಾರ್, ಅವರು ಬಿಟ್ಟುಕೊಟ್ಟದ್ದು ಬೇರೆಯವರ ಗಂಟನ್ನು. ಅದು ಈ ತಂಡಕ್ಕೆ ನಡೆಯುವುದಿಲ್ಲ."

ಇಷ್ಟೆಲ್ಲ ಸಂತೋಷದಿಂದ ಹೇಳಿದ ಮೇಲೆ ಈಗ ವಿಷಯಕ್ಕೆ ಬರುತ್ತೇನೆ.

ಕಳೆದ ದಸರಾ ರಜೆಯ ಸುಮಾರಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಸಹಪಾಠಿಗಳಿಗೆಲ್ಲ ಒಂದು ಪಟ್ಟಿ ಕಳಿಸಿದ. ನನಗೂ ಬಂತು. ಅವನ ಹೆಸರು ಇಲ್ಲಿ ಬೇಡ. ಅವನ ಜಾತಿಯ ಹೆಸರೂ ಬೇಡ, ಏಕೆಂದರೆ ಯಾವ ಜಾತಿಯವನು ಬರೆದಿದ್ದರೂ ನಾನು ಇದನ್ನೇ ಬರೆಯುತ್ತಿದ್ದೆ. ಪಟ್ಟಿಯ ಶೀರ್ಷಿಕೆ "ನಮ್ಮವರ ಸಾರ್ವಕಾಲಿಕ ಹನ್ನೊಂದು". ನಮ್ಮವರು ಎಂದರೆ ಅವನ ಜಾತಿಯವರು. ಪ್ರತಿ ಆಟಗಾರನ ಹೆಸರಿನ ಮುಂದೆ ಒಳಪಂಗಡವನ್ನೂ ನಮೂದಿಸಿದ್ದ! ನಾನು ಹತ್ತನೆಯ ತರಗತಿಯಲ್ಲಿ ಇವನಿಗೆ ಪಾಠ ಹೇಳುವಾಗ ಇಷ್ಟು ಸಂಶೋಧನಾ ಪ್ರವೃತ್ತಿ ಕಂಡಿರಲಿಲ್ಲ. ವಾರದೊಳಗೆ ಇನ್ನಿಬ್ಬರು ತಮ್ಮ ತಮ್ಮ ಜಾತಿಯ ತಂಡಗಳನ್ನು ಕಳಿಸಿದರು. ಒಬ್ಬನಿಗೆ ವಿಕೆಟ್ ಕೀಪರ್ ಸಿಗದೆ, ಒಬ್ಬ ಪ್ರಸಿದ್ಧ ಆಟಗಾರನ ತಾಯಿಯ ಕಡೆಯವರನ್ನು ಹುಡುಕಿ ಎಳೆತಂದಿದ್ದ. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದೇ ತರಗತಿಯಲ್ಲಿ ಓದಿದ್ದ, ಹಾಸ್ಟೆಲಿನಲ್ಲಿದ್ದು ಬೆಳೆದು ಈಗ ಒಳ್ಳೆಯ ಹುದ್ದೆಯಲ್ಲಿರುವ ಇನ್ನೊಬ್ಬ ಮಾತ್ರ ಏನೂ ಕಳಿಸಲಿಲ್ಲ. ಮೂವತ್ತು ವರ್ಷಗಳ ಬಳಕೆಯ ಗೆಳೆಯರ ಕೂಟದಿಂದ ಸದ್ದಿಲ್ಲದೆ ಎದ್ದುಹೋದ. ಅವನು ಏಕೆ ಹೋದನೆಂದು ಅವರಲ್ಲಿ ಒಬ್ಬರೂ ಕೇಳಲಿಲ್ಲವೆಂಬುದು ನನ್ನನ್ನು ಈ ಬರಹಕ್ಕೆ ಕೂರಿಸಿತು.

"ತಮಾಷೆಗೆ ಮಾಡಿದ್ದು ಸಾರ್" ಎಂದರು. ತಮಾಷೆಯೇ? ಹಾಗಾದರೆ ಈ ತಮಾಷೆ ನಿಮಗಿಂತ ಮುಂಚೆ ನಿಜವಾಗಿಯೇ ನಡೆದಿದೆ, ಕೇಳಿ. ಮುಂಬಯಿಯಲ್ಲಿ ಐರೋಪ್ಯರು, ಪಾರ್ಸಿಗಳು ಎಂದು ಶುರುವಾದ ಪಂದ್ಯಗಳಿಗೆ 1907ರಲ್ಲಿ ಹಿಂದೂಗಳ ತಂಡ, 1912ರಲ್ಲಿ ಮುಸ್ಲಿಮರ ತಂಡ ಸೇರಿ ಚತುಷ್ಕೋನ ಪಂದ್ಯಾವಳಿಯಾಯಿತು. ಯಾವ ತಂಡಕ್ಕೂ ಸೇರದವರಿಗೆ, ಅಂದರೆ ಕ್ರೈಸ್ತರೇ ಮುಂತಾದವರಿಗೆ, 1937ರಲ್ಲಿ ಒಂದು ತಂಡ ಕಟ್ಟಿದರು. ಅದರ ಹೆಸರೇನು ಗೊತ್ತೇ? "ಇತರರು". ವಿಜಯ್ ಹಜಾರೆಯಂಥ ಮಹಾ ಆಟಗಾರ ಆಡಿದ್ದು ಆ ಇತರರ ಪರವಾಗಿ. 1943-44ರಲ್ಲಿ ಹಿಂದೂಗಳ ವಿರುದ್ಧ ತಂಡದ 387 ರನ್ನುಗಳಲ್ಲಿ 309 ರನ್ ಅವರೊಬ್ಬರದೇ. ಶಾಲೆಯ ದಾಖಲಾತಿ ವಹಿಯಲ್ಲಿ "ಇತರೆ" ಎಂಬ ಅಂಕಣವನ್ನು ವರ್ಷವರ್ಷವೂ ತುಂಬಿದವನು ನಾನು. ಆ ಅಂಕಣದಲ್ಲಿ ಹೆಸರು ಬರುವ ಮಗುವಿನ ಮುಖ ಹೇಗಿರುತ್ತದೆಂದು ನನಗೆ ಗೊತ್ತಿದೆ. 1940ರಲ್ಲಿ ಗಾಂಧೀಜಿಯವರೇ ಈ ಕೋಮುವಾರು ಪಂದ್ಯಗಳನ್ನು ವಿರೋಧಿಸಿದರು. 1945-46ರ ಋತುವಿನ ನಂತರ ಅವು ನಿಂತುಹೋದವು.

ಆ ಹಿಂದೂ ತಂಡದ ಒಳಗಿನ ಕಥೆ ಇನ್ನೂ ಘೋರ. ಅದರ ಶ್ರೇಷ್ಠ ಬೌಲರ್ ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲವಂಕರ ಬಾಳೂ. ಅಸ್ಪೃಶ್ಯರೆನಿಸಿಕೊಂಡ ಚಮ್ಮಾರ ಕುಲದವರು. ಪುಣೆಯ ಐರೋಪ್ಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳಕ್ಕೆ ಅಂಗಳ ಹಸನು ಮಾಡುತ್ತ, ಸಾಹೇಬರ ಅಭ್ಯಾಸಕ್ಕೆ ಚೆಂಡೆಸೆಯುತ್ತ ಕಲಿತವರು. ಪುಣೆಯ ಹಿಂದೂಗಳು ಅವರನ್ನು ತಂಡಕ್ಕೇನೋ ಕರೆದರು. ಚಹಾ ಮಾತ್ರ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಪಡೆದು ಬಂದರೂ ಹಿಂದೂಗಳ ನಾಯಕತ್ವ ಅವರಿಗೆ ಕೊನೆಗೂ ಸಿಗಲಿಲ್ಲ. ತಮ್ಮ ವಿಠ್ಠಲನಿಗೆ ಸಿಕ್ಕಿದ್ದು 1923ರಲ್ಲಿ. "ನಮ್ಮವರ ತಂಡ" ಎಂದು ಗೆರೆ ಎಳೆದ ಮೇಲೆ ಗೆರೆಯೊಳಗೆ ಮತ್ತೊಂದು ಗೆರೆ ಎಳೆಯುವುದು ಹೀಗೆಯೇ. ನನ್ನ ಶಿಷ್ಯ ಒಳಪಂಗಡವನ್ನು ನಮೂದಿಸಿದ್ದು ಸುಮ್ಮನೆ ಅಲ್ಲ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬಂದೂ ಇದೆ. "ಜಾತಿ ಇಲ್ಲವೆಂದು ಕಣ್ಣು ಮುಚ್ಚಿಕೊಳ್ಳುವುದೂ ಮೇಲ್ಜಾತಿಯವರ ಸುಖವೇ ಅಲ್ಲವೇ ಸಾರ್? ಭಾರತ ತಂಡದಲ್ಲಿ ಯಾವ ಯಾವ ಜಾತಿಯವರು ಎಷ್ಟು ಜನ ಎಂದು ಲೆಕ್ಕ ಹಾಕಬಾರದೇ?" ಖಂಡಿತ ಹಾಕಬೇಕು. ದಲಿತರ ಮನೆಯ ಎಷ್ಟು ಹುಡುಗರು, ಹಾಡಿಗಳ ಎಷ್ಟು ಮಕ್ಕಳು ಆ ಬಿಳಿಯ ಉಡುಪು ತೊಟ್ಟರು ಎಂಬುದು ನ್ಯಾಯವಾದ ಪ್ರಶ್ನೆ. ಆಯ್ಕೆಗಾರರಿಗೂ ಕ್ಲಬ್ಬುಗಳಿಗೂ ಸರ್ಕಾರಕ್ಕೂ ಕೇಳಬೇಕಾದ ಪ್ರಶ್ನೆ. ಆದರೆ ಅದು ಯಾರು ಹೊರಗುಳಿದರು ಎಂದು ಹುಡುಕುವ ಲೆಕ್ಕ. ನನಗೆ ಬಂದ ಪಟ್ಟಿಗಳು ಒಳಗಿರುವವರನ್ನು ಎಣಿಸಿ ಮೀಸೆ ತಿರುವಿದ ಪಟ್ಟಿಗಳು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ.

ಎರಡನೆಯ ಆಕ್ಷೇಪ ಇನ್ನೂ ಚುರುಕಾದದ್ದು. "ನೀವೇ ನಮ್ಮಿಂದ ಜಿಲ್ಲೆಯ ತಂಡ, ತಾಲ್ಲೂಕಿನ ತಂಡ ಕಟ್ಟಿಸುತ್ತಿದ್ದಿರಿ. ಊರೂ ಹುಟ್ಟಿನಿಂದಲೇ ಬರುವುದಲ್ಲವೇ?" ಅಲ್ಲ. ಊರಿಗೆ ಯಾರು ಬೇಕಾದರೂ ಬಂದು ಸೇರಬಹುದು. ಬೈಲುಕುಪ್ಪೆಗೆ 1960ರ ದಶಕದಲ್ಲಿ ಬಂದು ನೆಲೆಸಿದ ಟಿಬೆಟಿಯನ್ನರ ಮೊಮ್ಮಗನೊಬ್ಬ ಚೆನ್ನಾಗಿ ಆಡಿದರೆ ಅವನು ಪಿರಿಯಾಪಟ್ಟಣ ತಾಲ್ಲೂಕಿನ ಆಟಗಾರ. ಅದರಲ್ಲಿ ಯಾರಿಗೂ ತಕರಾರಿಲ್ಲ. ನಿಮ್ಮ "ನಮ್ಮವರ" ತಂಡಕ್ಕೆ ಅವನು ಯಾವ ಬಾಗಿಲಿನಿಂದ ಬರಬೇಕು? ಊರಿನ ತಂಡ ಆ ಊರಿನ ಬಗ್ಗೆ ಏನನ್ನಾದರೂ ಹೇಳುತ್ತದೆ: ಅಲ್ಲಿ ಮೈದಾನವಿತ್ತೇ, ಬಸ್ಸಿತ್ತೇ, ಆಡಲು ಬಿಡುವಿತ್ತೇ. ಜಾತಿಯ ತಂಡ ಯಾವ ಆಟಗಾರನ ಆಟದ ಬಗ್ಗೆಯೂ ಏನನ್ನೂ ಹೇಳುವುದಿಲ್ಲ. ಚಂದ್ರಶೇಖರರ ಗೂಗ್ಲಿ ಅವರ ಗೋತ್ರದಿಂದ ಬಂದದ್ದಲ್ಲ.

ನಮ್ಮ ನಾಲ್ಕು ತಾಲ್ಲೂಕುಗಳನ್ನೇ ತೆಗೆದುಕೊಳ್ಳಿ. (ಸರಗೂರು, ಸಾಲಿಗ್ರಾಮಗಳು ಈಗ ಬೇರೆ ತಾಲ್ಲೂಕುಗಳಾಗಿವೆ, ನನ್ನ ಲೆಕ್ಕ ಹಳೆಯದು.) ಇಷ್ಟು ವರ್ಷಗಳಲ್ಲಿ ಶಿಷ್ಯರು ನನಗೆ ಕೊಟ್ಟ ನೂರಾರು ಸಾರ್ವಕಾಲಿಕ ತಂಡಗಳಲ್ಲಿ ಈ ನೆಲದ ಒಂದೇ ಒಂದು ಹೆಸರಿಲ್ಲ. ಮೂರು ಜಾತಿ ಪಟ್ಟಿಗಳಲ್ಲೂ ಇಲ್ಲ! ತಮ್ಮ ಜಾತಿಯವನೆಂದು ಮುಂಬಯಿಯ, ಮದರಾಸಿನ ಆಟಗಾರರನ್ನು ಹೊತ್ತು ಮೆರೆಸಿದವರಿಗೆ ತಮ್ಮದೇ ಬೆಂಚಿನಲ್ಲಿ ಕುಳಿತಿದ್ದವನ ನೆನಪಿಲ್ಲ. ರೇಡಿಯೋದ ವೀಕ್ಷಕ ವಿವರಣೆ ಕೇಳಿಯೇ, ಎಂದೂ ಕಣ್ಣಾರೆ ನೋಡದ ಲೆಗ್ ಬ್ರೇಕನ್ನು ಸ್ವತಃ ಕಂಡುಹಿಡಿದುಕೊಂಡ ಹುಡುಗನೊಬ್ಬ ಕೋಟೆಯ ಕಡೆ ಇದ್ದ. ಚೆಂಡನ್ನು ಹೇಗೆ ಹಿಡಿಯುತ್ತೀಯೋ ಎಂದರೆ ತೋರಿಸಲು ನಾಚುತ್ತಿದ್ದ. ಅವನು ಮೈಸೂರಿನ ಮೈದಾನ ಕಾಣದೆಯೇ ಓದು ಮುಗಿಸಿದ. ಹುಣಸೂರಿನಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್, ಪಿರಿಯಾಪಟ್ಟಣದಿಂದ ಇನ್ನೂ ಇಪ್ಪತ್ತಕ್ಕಿಂತ ಹೆಚ್ಚು. ಸಂಜೆ ಅಭ್ಯಾಸ ಮುಗಿಸಿ ಹಳ್ಳಿಗೆ ಮರಳಲು ಬಸ್ಸಿಲ್ಲ. ಮಳೆಗಾಲದ ಕೊನೆಗೆ ಶಾಲೆಗಳ ಕ್ರೀಡಾಕೂಟ ನಡೆಯುವ ದಿನಗಳಲ್ಲೇ ನಮ್ಮ ಕಡೆ ಹೊಗೆಸೊಪ್ಪು ಮುರಿದು ಬ್ಯಾರನ್ನಿನಲ್ಲಿ ಬೇಯಿಸುವ ಕೆಲಸ. ರಾತ್ರಿಯೆಲ್ಲ ಬೆಂಕಿ ಕಾಯ್ದ ಹುಡುಗ ಹಗಲು ತರಗತಿಯಲ್ಲಿ ತೂಕಡಿಸುತ್ತಿದ್ದ. ನಾನು ಕೆಲಸ ಮಾಡಿದ ಯಾವ ಶಾಲೆಯಲ್ಲೂ ಹುಲ್ಲಿನ ಪಿಚ್ ಇರಲಿಲ್ಲ. ಖೋಖೋ, ಕಬಡ್ಡಿ, ವಾಲಿಬಾಲ್ ಇದ್ದವು. ಅವುಗಳಿಗೆ ಬೇಕಾದದ್ದು ಸುಣ್ಣದ ಗೆರೆ ಮಾತ್ರ.

ಈ ನೆಲಕ್ಕೂ ಕ್ರಿಕೆಟ್ಟಿಗೂ ಸಂಬಂಧವೇ ಇಲ್ಲವೆಂದೇನಲ್ಲ. 1934ರ ನವೆಂಬರ್ 4ರಂದು ರಣಜಿ ಟ್ರೋಫಿಯ ಮೊಟ್ಟಮೊದಲ ಪಂದ್ಯದಲ್ಲಿ ಮದರಾಸಿನ ಎದುರು 48 ಮತ್ತು 59 ರನ್ನಿಗೆ ಉರುಳಿ ಒಂದೇ ದಿನದಲ್ಲಿ ಸೋತದ್ದು ಮೈಸೂರು ತಂಡ. ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾಯಿತು. ಅದೇ ಋತುವಿನಲ್ಲಿ, 15 ವರ್ಷ ಬಿಡದೆ ಗೆದ್ದಿದ್ದ ಮುಂಬಯಿಯನ್ನು ಸೆಮಿಫೈನಲ್ಲಿನಲ್ಲಿ ತಡೆದು, ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ, ಪ್ರಸನ್ನರ ನಾಯಕತ್ವದ ಕರ್ನಾಟಕ ಮೊದಲ ಬಾರಿ ರಣಜಿ ಗೆದ್ದಿತು. ಆ ತಂಡದ ಬೆನ್ನೆಲುಬುಗಳಲ್ಲಿ ಒಬ್ಬರಾದ ಬ್ರಿಜೇಶ್ ಪಟೇಲ್ ಹುಟ್ಟಿದ್ದು ಬರೋಡದಲ್ಲಿ. ವಿಕೆಟ್ ಹಿಂದೆ ನಿಂತ ಸೈಯದ್ ಕಿರ್ಮಾನಿ ಹುಟ್ಟಿದ್ದು ಮದರಾಸಿನಲ್ಲಿ. ಅಂದು ರೇಡಿಯೋ ಮುಂದೆ ಕುಳಿತು ಕುಣಿದ ನಮ್ಮಲ್ಲಿ ಯಾರೂ ಅವರನ್ನು "ಇತರರು" ಎನ್ನಲಿಲ್ಲ.

ಆದ್ದರಿಂದ ಆ ಮೂವರು ಶಿಷ್ಯರಿಗೂ, ಅವರ ಪಟ್ಟಿಗಳನ್ನು ನೋಡಿ ಸುಮ್ಮನಿದ್ದ ಉಳಿದವರಿಗೂ ಒಂದು ಮನೆಕೆಲಸ ಕೊಡುತ್ತಿದ್ದೇನೆ. ವಿಷಯ: ಬೇರೆ ಕಡೆ ಹುಟ್ಟಿ ಕರ್ನಾಟಕದವರಾದವರ ತಂಡ. ಅದಕ್ಕೂ ಮೊದಲು ನಿಮ್ಮಲ್ಲೊಬ್ಬನು ಎದ್ದುಹೋದ ಗೆಳೆಯನ ಮನೆಗೆ ಹೋಗಬೇಕು. ಫೋನು ಸಾಲದು, ಹೋಗಬೇಕು. ಅವನನ್ನು ಆಯ್ಕೆ ಸಮಿತಿಯ ಅಧ್ಯಕ್ಷನನ್ನಾಗಿ ನಾನು ನೇಮಿಸಿದ್ದೇನೆಂದು ತಿಳಿಸಿ. ಅವನು ಒಪ್ಪದಿದ್ದರೆ ನನಗೆ ಹೇಳಿ, ನಾನೇ ಮಾತನಾಡುತ್ತೇನೆ.

ನನ್ನ ಕರಡು ಹೀಗಿದೆ. ಆರಂಭಕ್ಕೆ ಕೇರಳದ ಎಡಪ್ಪಾಳಿನಲ್ಲಿ ಹುಟ್ಟಿದ ದೇವದತ್ತ ಪಡಿಕ್ಕಲ್. ಜೊತೆಗೆ ಮೂಲ್ಕಿಯ ಬುಧಿ ಕುಂದರನ್. ಮೂಲ್ಕಿ ಕರ್ನಾಟಕದ್ದೇ ಅಲ್ಲವೇ ಎನ್ನಬೇಡಿ. ಅವರು ಹುಟ್ಟಿದ 1939ರಲ್ಲಿ ಅದು ಮದರಾಸ್ ಪ್ರಾಂತ್ಯ. ಮೂರನೆಯವರು ಇಂದೋರಿನಲ್ಲಿ ಹುಟ್ಟಿದ ದ್ರಾವಿಡ್, ಆಮೇಲೆ ಚೆನ್ನೈನಲ್ಲಿ 303 ಹೊಡೆದ ಜೋಧಪುರದ ಕರುಣ್ ನಾಯರ್, ಬರೋಡದ ಪಟೇಲ್, ನೈನಿತಾಲಿನ ಮನೀಷ್ ಪಾಂಡೆ. ವಿಕೆಟ್ ಹಿಂದೆ ಕಿರ್ಮಾನಿ. ಕುಂದರನ್ ಬರೀ ಬ್ಯಾಟಿಗೆ, ಈ ಬಗ್ಗೆ ಚರ್ಚೆ ಬೇಡ. ನಾಯಕಿ ಶಾಂತಾ ರಂಗಸ್ವಾಮಿ: ಮದರಾಸಿನಲ್ಲಿ ಹುಟ್ಟಿದವರು, 1976ರಲ್ಲಿ ಭಾರತ ಮಹಿಳಾ ತಂಡದ ಮೊದಲ ಟೆಸ್ಟ್ ನಾಯಕಿ, ಟೆಸ್ಟ್ ಶತಕ ಹೊಡೆದ ಮೊದಲ ಭಾರತೀಯ ಮಹಿಳೆ, ಮಧ್ಯಮ ವೇಗದ ಬೌಲರ್ ಕೂಡ. ಎಂಟು ಜನರಾದರು. ಇಂಜಿನಿಯರುಗಳ ತಂಡದಲ್ಲಿ ಬ್ಯಾಟ್ ಮಾಡುವವರಿಲ್ಲ, ಈ ತಂಡದಲ್ಲಿ ಬೌಲ್ ಮಾಡುವವರಿಲ್ಲ! ಹೊರಗಿನಿಂದ ಬಂದವರೆಲ್ಲ ಬ್ಯಾಟು ಹಿಡಿದೇ ಏಕೆ ಬಂದರೋ ಯೋಚಿಸಿ ಬರೆಯಿರಿ. ನನಗೆ ಇನ್ನು ಮೂವರು ಬೌಲರುಗಳು ಬೇಕು, ಅವರಲ್ಲಿ ಒಬ್ಬರಾದರೂ ನಿಜವಾದ ವೇಗಿಯಾಗಿರಬೇಕು. ಸಂಕ್ರಾಂತಿಯವರೆಗೆ ಗಡುವು.